‘ಈ 50 ಪ್ರಶ್ನೆ ಬಾಯಿಪಾಠ ಮಾಡಿ, ಕೆಲಸ ಗ್ಯಾರಂಟಿ’: ಕೋಡಿಂಗ್ ಸಂದರ್ಶನದ ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

ಕ್ಯಾಂಪಸ್ ಆಯ್ಕೆಯ ದಿನಗಳು ಹತ್ತಿರ ಬಂದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಮೂರು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಮೊದಲನೆಯದು: “ಈ 50 ಪ್ರಶ್ನೆ ಬಾಯಿಪಾಠ ಮಾಡಿ, ಸಾಫ್ಟ್‌ವೇರ್ ಕೆಲಸ ಗ್ಯಾರಂಟಿ.” ಎರಡನೆಯದು: “ಗೂಗಲ್ ಇಂಟರ್‌ವ್ಯೂನಲ್ಲಿ ಕೇಳಿದ ಪ್ರಶ್ನೆ, 99% ಜನ ಫೇಲ್!” ಮೂರನೆಯದು ಸ್ವಲ್ಪ ಹೆದರಿಸುವಂಥದ್ದು: “ಇಂಗ್ಲಿಷ್ ಬರದವರು, ಸಣ್ಣ ಊರಿನ ಕಾಲೇಜಿನವರು ಅರ್ಜಿ ಹಾಕಿ ಪ್ರಯೋಜನವಿಲ್ಲ. ನಮ್ಮಲ್ಲಿ ತರಬೇತಿ ಪಡೆಯಿರಿ, ಕೆಲವೇ ಸೀಟು ಉಳಿದಿವೆ.” ಕೆಳಗೊಂದು ಫೋನ್ ನಂಬರ್.

ಬೆಂಗಳೂರಿನಲ್ಲಿ ಕೂತವರು ಇದನ್ನು ಓದಿ ನಕ್ಕು ಮುಂದೆ ಹೋಗಬಹುದು. ವಿಜಯಪುರದ ಹಾಸ್ಟೆಲಿನಲ್ಲೋ ತಿಕೋಟಾ, ಬಬಲೇಶ್ವರದ ಮನೆಯಲ್ಲೋ ಕೂತು ಓದುವವರಿಗೆ ಅದು ಅಷ್ಟು ಹಗುರ ಅಲ್ಲ. ಆ ಭಾಗದಲ್ಲಿ ದ್ರಾಕ್ಷಿ ಬೆಳೆದ ದುಡ್ಡಿನಲ್ಲಿ ಮಕ್ಕಳ ಎಂಜಿನಿಯರಿಂಗ್ ಫೀಸು ಕಟ್ಟುವ ಮನೆಗಳಿವೆ. ಹಣ್ಣು ಕೈಗೆ ಬರುವ ಹೊತ್ತಿಗೆ ಅಕಾಲಿಕ ಮಳೆ ಬಿದ್ದರೆ ಆ ವರ್ಷದ ಲೆಕ್ಕವೇ ತಲೆಕೆಳಗು. ಅಂಥ ಮನೆಯಲ್ಲಿ “ಗ್ಯಾರಂಟಿ” ಎಂಬ ಒಂದು ಪದಕ್ಕೆ ಬಹಳ ತೂಕವಿರುತ್ತದೆ. ಹಾಗಾಗಿ ಈ ಮೂರೂ ಸಂದೇಶಗಳನ್ನು ಒಂದೊಂದಾಗಿ ಪರೀಕ್ಷಿಸೋಣ ಎಂದುಕೊಂಡೆವು.

ಒಳಗೆ ನಿಜವಾಗಿ ಏನು ನಡೆಯುತ್ತದೆ?

ಫಾರ್ವರ್ಡ್‌ಗಳು ಎಲ್ಲ ಕಂಪನಿಗಳನ್ನೂ ಒಂದೇ ಚೀಲಕ್ಕೆ ತುಂಬುತ್ತವೆ. ವಾಸ್ತವ ಹಾಗಿಲ್ಲ. ನೂರಾರು ಹೊಸಬರನ್ನು ಒಟ್ಟಿಗೆ ತೆಗೆದುಕೊಳ್ಳುವ ದೊಡ್ಡ ಸೇವಾ ಕಂಪನಿಗಳಲ್ಲಿ ಸಾಮಾನ್ಯವಾಗಿ ಮೊದಲು ಆನ್‌ಲೈನ್ ಪರೀಕ್ಷೆ ಇರುತ್ತದೆ. ಆಮೇಲಿನ ತಾಂತ್ರಿಕ ಸಂದರ್ಶನದಲ್ಲಿ ಸಣ್ಣ ಪ್ರೋಗ್ರಾಂಗಳು, ಡೇಟಾಬೇಸ್ ಪ್ರಶ್ನೆಗಳು, ನಿಮ್ಮ ಕೊನೆಯ ವರ್ಷದ ಪ್ರಾಜೆಕ್ಟ್ ಬಗ್ಗೆ ಮಾತು. ಸ್ವಂತ ಸಾಫ್ಟ್‌ವೇರ್ ಉತ್ಪನ್ನ ಮಾಡುವ ಕಂಪನಿಗಳಲ್ಲಿ ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್ ಹೆಚ್ಚು. ಒಂದು ಲೆಕ್ಕ ಕೊಟ್ಟು ಮುಕ್ಕಾಲು ಗಂಟೆ ಎದುರಿಗೆ ಕೂತು ನೋಡುತ್ತಾರೆ. ಯಾವ ಬಗೆಯ ಕಂಪನಿ ಬರುತ್ತಿದೆ ಎಂದು ನಿಮ್ಮ ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗದಲ್ಲಿ, ಹೋದ ವರ್ಷ ಅದೇ ಕಂಪನಿಗೆ ಆಯ್ಕೆಯಾದ ಸೀನಿಯರ್‌ಗಳಲ್ಲಿ ಕೇಳುವುದು ಯಾವ ಫಾರ್ವರ್ಡ್‌ಗಿಂತಲೂ ಮೇಲು.

ಇನ್ನು ಆ “99% ಜನ ಫೇಲ್” ಒಗಟುಗಳು. ಬಸ್ಸಿನಲ್ಲಿ ಎಷ್ಟು ಗಾಲ್ಫ್ ಚೆಂಡು ಹಿಡಿಸುತ್ತವೆ, ಇಂಥವು. ಇವು ಒಂದು ಕಾಲಕ್ಕೆ ಚಾಲ್ತಿಯಲ್ಲಿದ್ದದ್ದು ಹೌದು. ಆದರೆ ಗೂಗಲ್‌ನಲ್ಲಿ ನೇಮಕಾತಿ ವ್ಯವಹಾರದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ 2013ರಲ್ಲೇ ನ್ಯೂಯಾರ್ಕ್ ಟೈಮ್ಸ್‌ ಸಂದರ್ಶನವೊಂದರಲ್ಲಿ ಇಂಥ ಒಗಟುಗಳಿಂದ ಏನೂ ತಿಳಿಯುವುದಿಲ್ಲ, ಅವು ಸಮಯ ಹಾಳು ಎಂದು ಹೇಳಿದ್ದರು. ಅಂದರೆ ಹತ್ತು ವರ್ಷಕ್ಕೂ ಹಿಂದೆ ಕೈಬಿಟ್ಟ ಸಂಗತಿಯನ್ನು ಫಾರ್ವರ್ಡ್‌ಗಳು ಇವತ್ತಿಗೂ ಹೊತ್ತು ತಿರುಗುತ್ತಿವೆ. ಒಗಟು ಬಿಡಿಸುವುದು ಖುಷಿ ಕೊಟ್ಟರೆ ಬಿಡಿಸಿ. ಅದು ಕೆಲಸದ ತಯಾರಿ ಅಲ್ಲ.

ಚೀಲದ ಲೆಕ್ಕ

ಸಂದರ್ಶಕರು ಏನನ್ನು ನೋಡುತ್ತಾರೆ ಎಂದು ಮಾತಿನಲ್ಲಿ ಹೇಳುವುದಕ್ಕಿಂತ ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸಿ ತೋರಿಸುವುದು ಒಳ್ಳೆಯದು. ಸಂದರ್ಶನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪ್ರಶ್ನೆಗೆ ನಾವು ಸ್ಥಳೀಯ ವೇಷ ಹಾಕಿದ್ದೇವೆ.

ತಿಕೋಟಾದ ಒಂದು ಶೆಡ್ಡಿನಲ್ಲಿ ಒಣದ್ರಾಕ್ಷಿ ಚೀಲಗಳಿವೆ ಅಂದುಕೊಳ್ಳಿ. ತೂಕ ಹೀಗಿದೆ: 12, 7, 19, 4, 23, 11 ಕೆ.ಜಿ. ಎರಡು ಚೀಲ ಸೇರಿದರೆ ಸರಿಯಾಗಿ 30 ಕೆ.ಜಿ. ಆಗಬೇಕು. ಯಾವ ಎರಡು?

ಹೆಚ್ಚಿನವರು ಕೇಳಿದ ತಕ್ಷಣ ಕೀಬೋರ್ಡಿಗೆ ಕೈ ಹಾಕುತ್ತಾರೆ. ಅಲ್ಲೇ ಮೊದಲ ಅಂಕ ಹೋಗುತ್ತದೆ. ಏಕೆಂದರೆ ಪಟ್ಟಿಯನ್ನು ಇನ್ನೊಮ್ಮೆ ನೋಡಿ: 7 ಮತ್ತು 23 ಸೇರಿದರೂ 30, 19 ಮತ್ತು 11 ಸೇರಿದರೂ 30. ಹಾಗಾದರೆ ಬೇಕಾದದ್ದು ಒಂದು ಜೋಡಿಯೋ, ಎಲ್ಲ ಜೋಡಿಗಳೋ? ತೂಕದಲ್ಲಿ ಅರ್ಧ, ಕಾಲು ಕೆ.ಜಿ. ಇರಬಹುದೇ? ಪಟ್ಟಿ ಖಾಲಿ ಇದ್ದರೆ ಏನು ಉತ್ತರ ಕೊಡಬೇಕು? ಒಂದೇ ಚೀಲವನ್ನು ಎರಡು ಸಲ ಎಣಿಸಬಹುದೇ? ಪ್ರಶ್ನೆಯನ್ನು ಬೇಕೆಂದೇ ಅರ್ಧಂಬರ್ಧ ಬಿಟ್ಟಿರುತ್ತಾರೆ, ನೀವು ಕೇಳುತ್ತೀರಾ ಎಂದು ನೋಡಲು. ಕೆಲಸದಲ್ಲೂ ಗ್ರಾಹಕರು ಹೀಗೆಯೇ ಅರ್ಧ ಹೇಳುತ್ತಾರೆ. ಉಳಿದರ್ಧ ಕೇಳಿ ತಿಳಿಯದವನು ತಪ್ಪಾದ ಸಾಫ್ಟ್‌ವೇರ್ ಬರೆಯುತ್ತಾನೆ.

ಒಂದು ಜೋಡಿ ಸಾಕು ಎಂದರು ಎನ್ನೋಣ. ಈಗ ಎಲ್ಲರಿಗೂ ಹೊಳೆಯುವ ದಾರಿ ಹೇಳಿ: ಪ್ರತಿ ಚೀಲವನ್ನೂ ಉಳಿದ ಪ್ರತಿ ಚೀಲದ ಜೊತೆ ಕೂಡಿಸಿ ನೋಡುವುದು. 6 ಚೀಲಕ್ಕೆ ಹೆಚ್ಚೆಂದರೆ 15 ಜೋಡಿ. ಇದನ್ನು ಹೇಳಲು ನಾಚಿಕೆ ಬೇಡ. “ಇದು ದಡ್ಡ ದಾರಿ, ಹೇಳಿದರೆ ಮರ್ಯಾದೆ ಹೋಗುತ್ತದೆ” ಎಂದು ಸುಮ್ಮನೆ ಕೂತವರ ಹತ್ತಿರ ಕೊನೆಗೆ ಯಾವ ದಾರಿಯೂ ಇರುವುದಿಲ್ಲ. ಮೊದಲು ಸರಿಯಾದ ಉತ್ತರ ಕೊಡುವ ಒಂದು ದಾರಿ ಕೈಯಲ್ಲಿರಲಿ, ಆಮೇಲೆ ವೇಗದ ಮಾತು.

ವೇಗ ಏಕೆ ಬೇಕು? ಚೀಲ 1,000 ಆದರೆ ಜೋಡಿಗಳು 4,99,500. ಚೀಲ 1 ಲಕ್ಷ ಆದರೆ ಸುಮಾರು 500 ಕೋಟಿ ಜೋಡಿ. ಚೀಲ ನೂರು ಪಟ್ಟು ಹೆಚ್ಚಿದರೆ ಕೆಲಸ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚಿತು. ಪುಸ್ತಕದಲ್ಲಿ ಇದನ್ನು ‘ಟೈಮ್ ಕಾಂಪ್ಲೆಕ್ಸಿಟಿ’ ಎನ್ನುತ್ತಾರೆ. ಬಾಯಿಪಾಠ ಮಾಡಿದವರು ಸೂತ್ರ ಹೇಳುತ್ತಾರೆ, ತಿಳಿದವರು ಈ ಲೆಕ್ಕ ಹೇಳುತ್ತಾರೆ.

ಈಗ ಎರಡನೇ ದಾರಿ. ಕೈಯಲ್ಲೊಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮೊದಲ ಚೀಲ 12. ಇದಕ್ಕೆ ಜೋಡಿಯಾಗಲು 18 ಬೇಕು. ನೋಟ್‌ಬುಕ್ಕಿನಲ್ಲಿ 18 ಇದೆಯೇ? ಇಲ್ಲ. 12 ಬರೆದಿಡಿ. ಮುಂದಿನದು 7, ಬೇಕಾದದ್ದು 23. ಇಲ್ಲ, 7 ಬರೆದಿಡಿ. 19ಕ್ಕೆ 11 ಬೇಕು, ಇಲ್ಲ. 4ಕ್ಕೆ 26 ಬೇಕು, ಇಲ್ಲ. 23 ಬಂತು, ಬೇಕಾದದ್ದು 7. ಆಗಲೇ ಬರೆದಿದ್ದೇವೆ! ಮುಗಿಯಿತು. ಪ್ರತಿ ಚೀಲವನ್ನು ಒಮ್ಮೆ ಮಾತ್ರ ನೋಡಿದೆವು. 1 ಲಕ್ಷ ಚೀಲವಿದ್ದರೂ 1 ಲಕ್ಷ ಸಲ ನೋಡಿದರೆ ಸಾಕು. ಆ ನೋಟ್‌ಬುಕ್ಕಿಗೆ ಕಂಪ್ಯೂಟರ್ ಭಾಷೆಯಲ್ಲಿ ಹ್ಯಾಶ್ ಟೇಬಲ್ ಎಂದು ಹೆಸರು, ಪೈಥಾನ್ ಬರೆಯುವವರು ಡಿಕ್ಷನರಿ ಎನ್ನುತ್ತಾರೆ. ಬೇಕಾದ ಸಂಖ್ಯೆ ಅದರಲ್ಲಿದೆಯೋ ಇಲ್ಲವೋ ಎಂದು ಪುಟ ಪುಟ ತಿರುವದೆ ಹೇಳಿಬಿಡುವುದು ಅದರ ಗುಣ. ಬೆಲೆಯೂ ಇದೆ: ನೋಟ್‌ಬುಕ್ಕಿಗೆ ಜಾಗ ಬೇಕು. ಸಮಯ ಉಳಿಸಲು ಮೆಮೊರಿ ಖರ್ಚು ಮಾಡಿದೆವು ಎಂದು ನೀವೇ ಬಾಯಿಬಿಟ್ಟು ಹೇಳಿದರೆ ಸಂದರ್ಶಕರು ತಲೆಯಾಡಿಸುತ್ತಾರೆ.

“ನೋಟ್‌ಬುಕ್ ಇಡುವಂತಿಲ್ಲ, ಆಗ?” ಎಂದು ಕೇಳುವುದೂ ಉಂಟು. ಆಗ ಚೀಲಗಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿ: 4, 7, 11, 12, 19, 23. ಎರಡೂ ತುದಿಯಿಂದ ಹಿಡಿಯಿರಿ. 4 ಮತ್ತು 23 ಸೇರಿ 27, ಕಡಿಮೆ ಆಯಿತು, ಎಡಗಡೆಯಿಂದ ಒಂದು ಹೆಜ್ಜೆ ಮುಂದೆ. 7 ಮತ್ತು 23 ಸೇರಿ 30. ಸಿಕ್ಕಿತು. ಮೊತ್ತ ಹೆಚ್ಚಾಗಿದ್ದರೆ ಬಲಗಡೆಯಿಂದ ಒಂದು ಹೆಜ್ಜೆ ಹಿಂದೆ ಬರುತ್ತಿದ್ದೆವು.

ಕೊನೆಗೆ ಪರೀಕ್ಷೆ. 15 ಕೆ.ಜಿ.ಯ ಒಂದೇ ಚೀಲವಿದ್ದರೆ ನಿಮ್ಮ ಕೋಡ್ ಅದನ್ನು ಅದಕ್ಕೇ ಜೋಡಿ ಮಾಡಿ 30 ಎಂದುಬಿಡುತ್ತದೆಯೇ? 15ರ ಎರಡು ಚೀಲ ಇದ್ದರೆ ಸರಿಯಾಗಿ ಹಿಡಿಯುತ್ತದೆಯೇ? ನೋಟ್‌ಬುಕ್ ದಾರಿಯಲ್ಲಿ ಮೊದಲು ನೋಡಿ ಆಮೇಲೆ ಬರೆದರೆ ಎರಡೂ ಸರಿ. ಮೊದಲು ಬರೆದು ಆಮೇಲೆ ನೋಡಿದರೆ ಒಂಟಿ ಚೀಲ ತಾನೇ ತನಗೆ ಜೋಡಿಯಾಗಿಬಿಡುತ್ತದೆ. ಎರಡು ಸಾಲು ಹಿಂದೆ ಮುಂದೆ ಆದದ್ದಕ್ಕೆ ಇಡೀ ಉತ್ತರ ತಪ್ಪು. ಇದನ್ನು ಸಂದರ್ಶಕರು ಎತ್ತಿ ತೋರಿಸುವ ಮೊದಲು ನೀವೇ ಕಂಡುಹಿಡಿದರೆ ಅದರಷ್ಟು ಒಳ್ಳೆಯ ಸಂಗತಿ ಇನ್ನೊಂದಿಲ್ಲ.

ಗಣಿತಜ್ಞ ಜಾರ್ಜ್ ಪೋಲ್ಯಾ 1945ರಲ್ಲಿ ಲೆಕ್ಕ ಬಿಡಿಸುವ ಬಗ್ಗೆ ಬರೆದ ಪುಸ್ತಕದಲ್ಲಿ ಇದೇ ನಾಲ್ಕು ಹಂತಗಳಿವೆ: ಪ್ರಶ್ನೆ ಅರ್ಥ ಮಾಡಿಕೋ, ದಾರಿ ಯೋಚಿಸು, ಮಾಡು, ತಿರುಗಿ ನೋಡು. ಕಂಪ್ಯೂಟರ್ ಕಂಪನಿಗಳು ಹೊಸದೇನನ್ನೂ ಕಂಡುಹಿಡಿದಿಲ್ಲ.

ಹಾಗಾದರೆ ಆ 50 ಪ್ರಶ್ನೆ ಬೇಡವೇ?

ಪಟ್ಟಿಯಲ್ಲಿ ತಪ್ಪಿಲ್ಲ. ಆ 50 ಪ್ರಶ್ನೆಗಳು ಬಹುತೇಕ ಒಳ್ಳೆಯವೇ. ತಪ್ಪಿರುವುದು “ಬಾಯಿಪಾಠ” ಎಂಬ ಪದದಲ್ಲಿ. ಮೇಲಿನ ಚೀಲದ ಲೆಕ್ಕವನ್ನು ಉರು ಹೊಡೆದು ಹೋದವರಿಗೆ “ಎರಡಲ್ಲ, ಮೂರು ಚೀಲ ಸೇರಿ 30 ಆಗಬೇಕು” ಎಂದು ಒಂದು ಪದ ಬದಲಿಸಿದರೆ ಮುಗಿಯಿತು. ನೋಟ್‌ಬುಕ್ ಏಕೆ ಇಟ್ಟೆವು ಎಂದು ತಿಳಿದವರು ಮಾತ್ರ ಒಂದು ಚೀಲವನ್ನು ಕೈಯಲ್ಲಿ ಹಿಡಿದು ಉಳಿದ ಎರಡಕ್ಕೆ ಅದೇ ಉಪಾಯ ಹೂಡುತ್ತಾರೆ.

ಇನ್ನೊಂದು ಉದಾಹರಣೆ ನೋಡಿ. ಬೈನರಿ ಸರ್ಚ್ ಎಲ್ಲ ಪಟ್ಟಿಗಳಲ್ಲೂ ಇರುತ್ತದೆ. ನಿಘಂಟಿನಲ್ಲಿ ಪದ ಹುಡುಕುವಂತೆ ನಡುವಿನ ಪುಟ ತೆರೆ, ಪದ ಹಿಂದಿದೆಯೋ ಮುಂದಿದೆಯೋ ನೋಡು, ಅರ್ಧ ಬಿಟ್ಟುಬಿಡು. 1,000 ಪುಟವಿದ್ದರೂ ಹತ್ತು ಸಲಕ್ಕೆ ಸಿಗುತ್ತದೆ. ಐದು ನಿಮಿಷದಲ್ಲಿ ಅರ್ಥವಾಗುವ ವಿಷಯ. ಆದರೆ ಇದನ್ನು ಕಂಪ್ಯೂಟರಿಗೆ ಬರೆಯುವ ರೀತಿ 1946ರಲ್ಲಿ ಮೊದಲು ಪ್ರಕಟವಾದ ಮೇಲೂ, ಎಲ್ಲ ಅಳತೆಯ ಪಟ್ಟಿಗೂ ತಪ್ಪಿಲ್ಲದೆ ನಡೆಯುವ ರೂಪ ಪ್ರಕಟವಾಗಲು ಹತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಅಷ್ಟಕ್ಕೂ ಮುಗಿಯಲಿಲ್ಲ. ಜಾವಾ ಭಾಷೆಯ ಸ್ವಂತ ಗ್ರಂಥಾಲಯದಲ್ಲಿದ್ದ ಬೈನರಿ ಸರ್ಚ್‌ನಲ್ಲೇ ಒಂದು ದೋಷ ವರ್ಷಗಟ್ಟಲೆ ಅಡಗಿತ್ತು. ಅದನ್ನು ಬರೆದಿದ್ದ ಜಾಶುವಾ ಬ್ಲಾಕ್ ಅವರೇ 2006ರಲ್ಲಿ ಅದನ್ನು ಬಹಿರಂಗವಾಗಿ ವಿವರಿಸಿದರು. ನಡುವಿನ ಜಾಗ ತಿಳಿಯಲು ಎರಡು ತುದಿಗಳನ್ನು ಕೂಡಿಸಿ ಎರಡರಿಂದ ಭಾಗಿಸುತ್ತೇವಲ್ಲ, ಪಟ್ಟಿ ನೂರು ಕೋಟಿ ದಾಟಿದಾಗ ಆ ಕೂಡಿಸಿದ ಸಂಖ್ಯೆ ಅದಕ್ಕಿಟ್ಟ ಜಾಗದಲ್ಲಿ ಹಿಡಿಸದೆ ಋಣ ಸಂಖ್ಯೆಯಾಗಿಬಿಡುತ್ತಿತ್ತು. ಪರಿಹಾರ ಸರಳ: ಎಡ ತುದಿಗೆ, ಎರಡು ತುದಿಗಳ ಅಂತರದ ಅರ್ಧವನ್ನು ಕೂಡಿಸುವುದು. ನಿಮ್ಮ ಪಟ್ಟಿಯ ಪಿಡಿಎಫ್‌ನಲ್ಲಿ ಹಳೆಯ ಸಾಲೇ ಇದ್ದರೆ ಆಶ್ಚರ್ಯವಿಲ್ಲ.

ಇನ್ನು ನೆನಪಿನ ವಿಚಾರ. ಅಮೆರಿಕದ ಸಂಶೋಧಕರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಒಂದೇ ಪಾಠವನ್ನು ಕೆಲವರು ಮತ್ತೆ ಮತ್ತೆ ಓದಿದರು, ಕೆಲವರು ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದು. ವಾರದ ನಂತರ ಕೇಳಿದಾಗ ಪುಸ್ತಕ ಮುಚ್ಚಿ ಬರೆದವರು ಸ್ಪಷ್ಟವಾಗಿ ಮುಂದಿದ್ದರು. ಯೂಟ್ಯೂಬ್‌ನಲ್ಲಿ ಪರಿಹಾರ ನೋಡಿ “ಅರ್ಥ ಆಯ್ತು” ಅನ್ನಿಸುವುದು ಆ ಐದು ನಿಮಿಷದ ಅರ್ಥ. ವಿಡಿಯೊ ನಿಲ್ಲಿಸಿ, ಖಾಲಿ ಹಾಳೆಯಲ್ಲಿ ಬರೆದು, ಮೂರು ದಿನ ಬಿಟ್ಟು ಮತ್ತೆ ಖಾಲಿ ಹಾಳೆಯಲ್ಲಿ ಬರೆಯಿರಿ. 50ರಲ್ಲಿ 20 ಪ್ರಶ್ನೆ ಹೀಗೆ ಮಾಡಿದರೂ ಬಾಯಿಪಾಠದ 50ಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಎದುರಿಗೆ ಒಬ್ಬರು ಕೂತರೆ ತಲೆ ಏಕೆ ಖಾಲಿಯಾಗುತ್ತದೆ?

“ಮನೆಯಲ್ಲಿ ಮಾಡಿದರೆ ಬರುತ್ತೆ, ಇಂಟರ್‌ವ್ಯೂನಲ್ಲಿ ಏನೂ ಹೊಳೆಯಲ್ಲ.” ಇದು ನೆಪ ಅಲ್ಲ, ಅಳೆದು ನೋಡಿದ ಸಂಗತಿ. ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 48 ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಕೋಡಿಂಗ್ ಪ್ರಶ್ನೆ ಕೊಟ್ಟರು. ಅರ್ಧ ಜನ ಖಾಲಿ ಕೋಣೆಯಲ್ಲಿ ಒಬ್ಬರೇ ಬಿಡಿಸಿದರು. ಇನ್ನರ್ಧ ಜನ ಸಂದರ್ಶಕರ ಎದುರು ಬೋರ್ಡಿನ ಮೇಲೆ, ಯೋಚನೆಯನ್ನು ಬಾಯಲ್ಲಿ ಹೇಳುತ್ತಾ ಬಿಡಿಸಿದರು. ನೋಡುವವರು ಇದ್ದಾಗ ಸಾಧನೆ ಅರ್ಧಕ್ಕಿಂತ ಕೆಳಗಿಳಿಯಿತು.

ಅದರಲ್ಲಿ ಇನ್ನೊಂದು ಸಂಗತಿ ಇದೆ. ಸಂದರ್ಶಕರ ಎದುರು ಬಿಡಿಸಿದ ಹೆಣ್ಣುಮಕ್ಕಳಲ್ಲಿ ಒಬ್ಬರೂ ಸರಿಯುತ್ತರ ಕೊಡಲಿಲ್ಲ. ಒಂಟಿಯಾಗಿ ಬಿಡಿಸಿದ ಹೆಣ್ಣುಮಕ್ಕಳೆಲ್ಲರೂ ಸರಿಯುತ್ತರ ಕೊಟ್ಟರು. ಅಧ್ಯಯನದಲ್ಲಿದ್ದ ಹೆಣ್ಣುಮಕ್ಕಳ ಸಂಖ್ಯೆ ಚಿಕ್ಕದು, ಇದನ್ನೇ ಇಡೀ ಜಗತ್ತಿನ ಸತ್ಯವೆಂದು ಸಾರಲು ಬರುವುದಿಲ್ಲ. ಆದರೆ “ಹುಡುಗಿಯರಿಗೆ ಕೋಡಿಂಗ್ ಹತ್ತಲ್ಲ” ಎಂದು ಗುಂಪಿನಲ್ಲಿ ನಗೆಚಟಾಕಿ ಹಂಚುವವರು ಈ ಫಲಿತಾಂಶವನ್ನೂ ಹಂಚಬೇಕು. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲೋ ಊರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲೋ ಓದುತ್ತಿರುವ ಹುಡುಗಿಯೊಬ್ಬಳು ಮೊದಲ ಸಂದರ್ಶನದಲ್ಲಿ ತಡವರಿಸಿ ಬಂದರೆ, ಕೊರತೆ ಇದ್ದದ್ದು ಬುದ್ಧಿಯಲ್ಲೋ ಅಥವಾ ನೋಡುವ ಕಣ್ಣಿನ ಮುಂದೆ ಮಾತಾಡಿದ ಅನುಭವದಲ್ಲೋ ಎಂದು ಮನೆಯವರು ಒಮ್ಮೆ ಯೋಚಿಸಲಿ. ಅಂಥ ಒಂದು ಸಂಜೆ “ಸಾಕು ಬಿಡು, ನಿನಗ ಆಗಂಗಿಲ್ಲ” ಎಂದರೆ ಅವಳ ಎರಡನೇ ಸಂದರ್ಶನ ನಡೆಯದೇ ಹೋಗಬಹುದು.

ಅನುಭವದ ಕೊರತೆಗೆ ಅನುಭವವೇ ಮದ್ದು. ಒಬ್ಬರೇ ಕೂತು ನೂರು ಲೆಕ್ಕ ಬಿಡಿಸಿದರೆ ಲೆಕ್ಕ ಬರುತ್ತದೆ, ಎದುರಿಗೆ ಕೂತವರ ಭಯ ಹೋಗುವುದಿಲ್ಲ. ವಾರದಲ್ಲಿ ಎರಡು ದಿನ ಗೆಳೆಯರಿಬ್ಬರು ಸರದಿಯ ಮೇಲೆ ಸಂದರ್ಶಕರಾಗಿ ಕೂರಿ. ಬೋರ್ಡ್ ಇಲ್ಲದಿದ್ದರೆ ಮನೆಯಲ್ಲಿ ತಮ್ಮನದೋ ತಂಗಿಯದೋ ಹಳೆಯ ಪಾಟಿ ಇರುತ್ತದೆ, ಸಾಕು. ಮಾತು ನಿಮ್ಮದೇ ಭಾಷೆಯಲ್ಲಿ ಶುರುವಾಗಲಿ:

“ಪ್ರತಿ ಚೀಲಕ್ಕೂ ಮತ್ತ ಮೊದಲಿಂದ ಯಾಕ ಹುಡುಕ್ತಿ?”

“ಜೋಡಿ ಸಿಗಬೇಕಲ್ಲ ಮತ್ತ.”

“ಆಗಲೇ ನೋಡಿದ್ದ ಬರದಿಟ್ಕೊಂಡ್ರ ಆಗಂಗಿಲ್ಲೇನು?”

“ಹೌದಲ್ಲ... ಹಂಗಾದ್ರ ಒಮ್ಮೆ ನೋಡಿದ್ರ ಸಾಕು.”

ಇಷ್ಟೇ. ಸಂದರ್ಶಕರು ಕೊಡುವ ಸುಳಿವು ಕೂಡ ಹೀಗೆಯೇ ಪ್ರಶ್ನೆಯ ರೂಪದಲ್ಲಿ ಬರುತ್ತದೆ. ಅದನ್ನು ಟೀಕೆ ಎಂದುಕೊಂಡು ಕುಗ್ಗುವವರೇ ಹೆಚ್ಚು. ಅದು ಹಿಡಿದುಕೊಳ್ಳಲು ಕೊಟ್ಟ ಹಗ್ಗ. ಸುಳಿವನ್ನು ತೆಗೆದುಕೊಂಡು ಮುಂದೆ ಹೋಗುವವರನ್ನು ಕಂಡರೆ “ಇವರ ಜೊತೆ ಕೆಲಸ ಮಾಡಬಹುದು” ಎಂದು ಅವರು ಬರೆದುಕೊಳ್ಳುತ್ತಾರೆ.

ಕೋಡಿಂಗ್ ಗೊತ್ತಿಲ್ಲದ ಅವ್ವನ ಎದುರೂ ಕೂತು ಹೇಳಿ ನೋಡಿ. ಚೀಲದ ಲೆಕ್ಕ ಅವ್ವನಿಗೆ ತಿಳಿಯುವಂತೆ ಹೇಳಲು ಬಂದರೆ ನಿಮಗೂ ತಿಳಿದಿದೆ ಎಂದು ಅರ್ಥ. ಗೋಲಗುಮ್ಮಟದ ಮೇಲಿನ ಸುತ್ತಿನಲ್ಲಿ ಪಿಸುಮಾತು ಆಚೆ ಗೋಡೆಗೆ ಕೇಳುತ್ತದೆ. ಸಂದರ್ಶನದ ಕೋಣೆಯಲ್ಲಿ ಆ ಅನುಕೂಲವಿಲ್ಲ, ತಲೆಯೊಳಗಿನದು ಬಾಯಿಂದ ಹೊರಬಂದರೆ ಮಾತ್ರ ಎದುರಿನವರಿಗೆ ಕೇಳುವುದು.

ಇಂಗ್ಲಿಷ್ ಬಗ್ಗೆ

“ಇಂಗ್ಲಿಷ್ ಬರದವರಿಗೆ ಕೆಲಸವಿಲ್ಲ” ಎಂಬುದು ಅರ್ಧ ಸತ್ಯ, ಅದಕ್ಕೇ ಅಪಾಯಕಾರಿ. ಸಂದರ್ಶನ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ನಡೆಯುತ್ತದೆ. ವಿದೇಶಿ ಗ್ರಾಹಕರ ಜೊತೆ ದಿನವೂ ಮಾತಾಡುವ ಹುದ್ದೆಗೆ ಹೆಚ್ಚು ಇಂಗ್ಲಿಷ್ ಬೇಕು. ಬೇಡ ಎಂದು ಹೇಳಿ ನಿಮ್ಮನ್ನು ಮೆಚ್ಚಿಸುವುದು ನಮ್ಮ ಉದ್ದೇಶವಲ್ಲ. ಆದರೆ ಕೋಡಿಂಗ್ ಸುತ್ತಿಗೆ ಬೇಕಾದದ್ದು ಭಾಷಣ ಮಾಡುವ ಇಂಗ್ಲಿಷ್ ಅಲ್ಲ. ಚಿಕ್ಕ ವಾಕ್ಯಗಳು ಸಾಕು. “ಕ್ಯಾನ್ ದ ಲಿಸ್ಟ್ ಬಿ ಎಂಪ್ಟಿ?” “ಐ ವಿಲ್ ಸ್ಟಾರ್ಟ್ ವಿತ್ ಎ ಸಿಂಪಲ್ ಮೆಥಡ್.” “ದಿಸ್ ಈಸ್ ಸ್ಲೋ, ಬಿಕಾಸ್ ಐ ಚೆಕ್ ಎವ್ರಿ ಪೇರ್.” “ಲೆಟ್ ಮಿ ಟೆಸ್ಟ್ ಇಟ್ ಒನ್ಸ್.” “ಐ ಆಮ್ ಸ್ಟಕ್ ಹಿಯರ್, ಪ್ಲೀಸ್ ಗಿವ್ ಮಿ ಎ ಮಿನಿಟ್.” ಇಂಥ ಇಪ್ಪತ್ತು ವಾಕ್ಯ ನಾಲಿಗೆಗೆ ಹತ್ತಿದರೆ ಒಂದು ಪೂರ್ತಿ ಲೆಕ್ಕ ಬಿಡಿಸಿ ತೋರಿಸಬಹುದು.

ಯೋಚನೆ ಕನ್ನಡದಲ್ಲೇ ನಡೆಯಲಿ, ಅದರಿಂದ ನಷ್ಟವಿಲ್ಲ. ಮೊದಲ ಎರಡು ವಾರ ಗೆಳೆಯನ ಮುಂದೆ ಕನ್ನಡದಲ್ಲೇ ಬಿಡಿಸಿ, ಆಮೇಲೆ ಅದೇ ಲೆಕ್ಕಗಳನ್ನು ಇಂಗ್ಲಿಷಿನಲ್ಲಿ ಹೇಳಿ. ಹೊಸ ಲೆಕ್ಕ ಮತ್ತು ಹೊಸ ಭಾಷೆ ಎರಡನ್ನೂ ಒಟ್ಟಿಗೆ ಹೊರಬೇಡಿ. ವ್ಯಾಕರಣ ತಪ್ಪಿದರೆ ನಿಲ್ಲಿಸಿ “ಸಾರಿ” ಎನ್ನುತ್ತಾ ಕೂರಬೇಡಿ, ಲೆಕ್ಕ ತಪ್ಪಿದರೆ ಮಾತ್ರ ನಿಲ್ಲಿಸಿ.

ಎಐ ಕೇಳಿ ಹೇಳಿದರೆ?

ಈಗಿನ ಹೊಸ ಫಾರ್ವರ್ಡ್ ಇದು: ಪರದೆಯ ಮೂಲೆಯಲ್ಲಿ ಕಾಣದಂತೆ ಎಐ ಇಟ್ಟುಕೊಳ್ಳಿ, ಅದು ಉತ್ತರ ಕೊಡುತ್ತದೆ, ನೀವು ಓದಿದರೆ ಸಾಕು. ಇಂಥ ಸಲಕರಣೆಗಳು ಇರುವುದು ನಿಜ. ಕಂಪನಿಗಳಿಗೆ ಅದು ಗೊತ್ತಿರುವುದೂ ನಿಜ. ಕನಿಷ್ಠ ಒಂದು ಸುತ್ತಾದರೂ ಮುಖಾಮುಖಿ ನಡೆಸುವುದಾಗಿ ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ 2025ರಲ್ಲಿ ಹೇಳಿದ್ದರು. ಮುಖಾಮುಖಿ ಇಲ್ಲದಿದ್ದರೂ “ಮೂರನೇ ಸಾಲು ತೆಗೆದರೆ ಏನಾಗುತ್ತದೆ?” ಎಂಬ ಒಂದು ಪ್ರಶ್ನೆ ಸಾಕು. ಓದಿ ಹೇಳುವವರ ಕಣ್ಣು ಪರದೆಯ ಮೂಲೆಗೆ ಓಡುತ್ತದೆ, ಉತ್ತರ ನಾಲ್ಕು ಸೆಕೆಂಡು ತಡವಾಗುತ್ತದೆ.

ಅದೇ ಎಐಯನ್ನು ತಯಾರಿಯಲ್ಲಿ ಬಳಸಿ, ಅಡ್ಡಿಯಿಲ್ಲ. “ಉತ್ತರ ಕೊಡು” ಎನ್ನುವ ಬದಲು “ನಾನು ಬರೆದ ಕೋಡ್ ಮುರಿಯುವಂಥ ಐದು ಉದಾಹರಣೆ ಕೊಡು” ಎಂದು ಕೇಳಿ. ಪಕ್ಕದಲ್ಲಿ ಸೀನಿಯರ್ ಇಲ್ಲದ ಊರಿನಲ್ಲಿ ಇದು ನಿಜಕ್ಕೂ ಉಪಕಾರಿ.

ಇದೇ ಮಾತು ಪ್ರಾಜೆಕ್ಟಿಗೂ ಸಲ್ಲುತ್ತದೆ. ಅಂಗಡಿಯಿಂದ ಕೊಂಡ ಪ್ರಾಜೆಕ್ಟ್ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತದೆ. ಸಣ್ಣದಾದರೂ ನಿಮ್ಮದೇ ಇರಲಿ: ಅಪ್ಪನ ತೋಟದ ಔಷಧಿ ಸಿಂಪಡಣೆಯ ದಿನ, ಖರ್ಚು ಬರೆದಿಡುವ ಒಂದು ಸರಳ ಆ್ಯಪ್ ಆದರೂ ಸರಿ. ಯಾವ ಟೇಬಲ್ ಏಕೆ ಮಾಡಿದೆ, ಯಾವುದು ಕೆಲಸ ಮಾಡಲಿಲ್ಲ, ಮತ್ತೆ ಮಾಡಿದರೆ ಏನು ಬದಲಿಸುವೆ ಎಂದು ಹೇಳಲು ನಿಮ್ಮ ಹತ್ತಿರ ಕಥೆ ಇರುತ್ತದೆ.

ಆ ದಿನ

ಆನ್‌ಲೈನ್ ಸಂದರ್ಶನವಿದ್ದರೆ ಊರಿನ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬಬೇಡಿ. ಆದರೆ ಹಿಂದಿನ ದಿನವೇ ವಿಜಯಪುರದ ಗೆಳೆಯರ ಕೋಣೆಗೋ ಕಾಲೇಜಿನ ಲ್ಯಾಬಿಗೋ ಬನ್ನಿ, ಇನ್ನೊಂದು ಕಂಪನಿಯ ಸಿಮ್ ಇರುವ ಫೋನ್ ಹಾಟ್‌ಸ್ಪಾಟಿಗೆ ಇಟ್ಟುಕೊಳ್ಳಿ. ಮಧ್ಯೆ ಸಂಪರ್ಕ ಕಡಿದರೆ ತಕ್ಷಣ ಫೋನ್ ಅಥವಾ ಇಮೇಲ್ ಮಾಡಿ ಹೇಳಿ. ಬೆಂಗಳೂರಿಗೆ ಹೋಗಬೇಕಾದರೆ ರಾತ್ರಿ ರೈಲಿನಲ್ಲಿ ನಿದ್ದೆಗೆಟ್ಟು ಅಂದೇ ಬೆಳಿಗ್ಗೆ ಸಂದರ್ಶನಕ್ಕೆ ಕೂರುವುದಕ್ಕಿಂತ, ಆಗುವುದಾದರೆ ಒಂದು ದಿನ ಮುಂಚೆ ಹೋಗಿ. ಆಯ್ಕೆಯಾಗದೆ ವಾಪಸ್ ಬಂದರೆ ಆ ಸಂಜೆಯೇ ಕೇಳಿದ ಪ್ರಶ್ನೆಗಳನ್ನೂ ಎಲ್ಲಿ ನಿಂತಿರಿ ಎಂಬುದನ್ನೂ ಬರೆದಿಡಿ. ನಾಲ್ಕು ಸಂದರ್ಶನ ಆದ ಮೇಲೆ ಆ ಹಾಳೆಗಳೇ ನಿಮ್ಮ ಸ್ವಂತ ಪ್ರಶ್ನೆಪಟ್ಟಿ, ಯಾವ ಪಿಡಿಎಫ್‌ನಲ್ಲೂ ಸಿಗದಂಥದ್ದು.

ಕೊನೆಯ ಫಾರ್ವರ್ಡ್, ದುಡ್ಡಿನದು

“ಗ್ಯಾರಂಟಿ ಕೆಲಸ”ದ ತರಬೇತಿಗಿಂತ ಕೆಟ್ಟದ್ದು ಇನ್ನೊಂದಿದೆ: ಸಂದರ್ಶನವೇ ಇಲ್ಲದೆ, ಅಥವಾ ಹತ್ತು ನಿಮಿಷದ ಫೋನ್ ಮಾತಿನ ಮೇಲೆ ಬರುವ ಆಫರ್ ಲೆಟರ್. ಜೊತೆಗೆ ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ದಾಖಲೆ ಪರಿಶೀಲನೆ ಶುಲ್ಕ ಎಂದು ಯುಪಿಐ ನಂಬರ್. ಇನ್ಫೋಸಿಸ್, ಟಿಸಿಎಸ್, ವಿಪ್ರೋ ಈ ಮೂರೂ ಕಂಪನಿಗಳು ಕೆಲಸ ಕೊಡಲು ಯಾರಿಂದಲೂ ಹಣ ಪಡೆಯುವುದಿಲ್ಲ ಎಂದು ತಮ್ಮ ಜಾಲತಾಣಗಳಲ್ಲಿ ಎಚ್ಚರಿಕೆ ಹಾಕಿವೆ. ಇಮೇಲ್ ವಿಳಾಸದ ಕೊನೆಯ ಭಾಗ ನೋಡಿ, ಕಂಪನಿಯ ಹೆಸರಿನ ಬದಲು ಜಿಮೇಲ್ ಇದ್ದರೆ ಅಲ್ಲೇ ನಿಲ್ಲಿಸಿ. ಪತ್ರದಲ್ಲಿರುವ ನಂಬರಿಗೆ ಕರೆ ಮಾಡಿ ವಿಚಾರಿಸಬೇಡಿ, ಕಂಪನಿಯ ಜಾಲತಾಣವನ್ನು ನೀವೇ ತೆರೆದು ಅಲ್ಲಿಂದ ವಿಚಾರಿಸಿ.

ಹಣ ಹೋಗಿಯೇ ಬಿಟ್ಟಿದ್ದರೆ ಮನೆಯಲ್ಲಿ ಹೇಳಲು ಹೆದರಿ ಎರಡು ದಿನ ಕಳೆಯಬೇಡಿ. ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿ. ದೂರು ಬೇಗ ದಾಖಲಾದಷ್ಟೂ ಹಣ ಮುಂದಿನ ಖಾತೆಗೆ ಹಾರುವ ಮೊದಲು ತಡೆಯುವ ಅವಕಾಶ ಹೆಚ್ಚು. ವರ್ಗಾವಣೆಯ ಸಂಖ್ಯೆ, ಸಮಯ, ಸಂದೇಶದ ಸ್ಕ್ರೀನ್‌ಶಾಟ್ ಕೈಯಲ್ಲಿರಲಿ. ಆಮೇಲೆ ಅದೇ ಸಂದೇಶ ನಿಮಗೆ ಬಂದ ಗುಂಪಿನಲ್ಲಿ “ಇದು ಮೋಸ, ನನ್ನ ದುಡ್ಡು ಹೋಗಿದೆ” ಎಂದು ಒಂದು ಸಾಲು ಬರೆಯಿರಿ. ಗುಂಪಿನಲ್ಲಿ ಇನ್ನೂ ಯಾರೋ ಆ ನಂಬರಿಗೆ ಕರೆ ಮಾಡಲು ಹೊರಟಿರಬಹುದು.